ದರೆಯ ವಯಸ್ಸು: ಅಲ್ತಿನ್ ತಾಗ್ ಸ್ತರಭಂಗದ ವೇಗನಿರ್ಣಯವನ್ನು ಕುರಿತು ಒಂದು ವಿಮರ್ಶೆ

ಕಾವ್ಯವೊಂದರ ಕಾಲವನ್ನು ನಿರ್ಣಯಿಸುವಾಗ ಪೂರ್ವಾವಧಿ, ಉತ್ತರಾವಧಿ ಎಂಬ ಎರಡು ಎಲ್ಲೆಗಳನ್ನು ಮೊದಲು ಗೊತ್ತುಮಾಡಿಕೊಳ್ಳುವುದು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಕವಿಯು ತನ್ನ ಹಿಂದಿನವರಲ್ಲಿ ಯಾರನ್ನು ಸ್ಮರಿಸಿದ್ದಾನೆ, ಈಚಿನವರಲ್ಲಿ ಯಾರು ಅವನನ್ನು ಸ್ಮರಿಸಿದ್ದಾರೆ ಎಂಬುದನ್ನು ನೋಡಿ, ಆ ಎರಡರ ನಡುವೆ ಅವನನ್ನು ಇರಿಸುತ್ತೇವೆ. ನಡುವಣ ಅಂತರವು ನೂರು ವರ್ಷವಾದರೆ ನೂರು ವರ್ಷವೆಂದೇ ಹೇಳಬೇಕಲ್ಲದೆ, ಎರಡು ಎಲ್ಲೆಗಳಲ್ಲಿ ನಮಗೆ ಒಪ್ಪಿದುದೊಂದನ್ನು ಹಿಡಿದು ಅದೇ ಕವಿಯ ಕಾಲವೆಂದು ಸಾರುವುದು ಶಾಸ್ತ್ರಸಮ್ಮತವಲ್ಲ. ಭೂವಿಜ್ಞಾನದಲ್ಲಿ ಇದೇ ಬಗೆಯ ವಿವಾದವೊಂದು ಎದ್ದು, ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಡೆದಿದೆ. ಅಲ್ಲಿ ಕವಿಯ ಸ್ಥಾನದಲ್ಲಿರುವುದು ನದಿಯ ಪಕ್ಕದ ಒಂದು ಮಣ್ಣಿನ ದರೆ; ಎಲ್ಲೆಗಳ ಸ್ಥಾನದಲ್ಲಿರುವುವು ಅದರ ಮೇಲಣ ಮತ್ತು ಕೆಳಗಣ ಎರಡು ಜಗಲಿಗಳು. ಒಂದು ಎಲ್ಲೆಯನ್ನೇ ಕಾಲವೆಂದು ಹಿಡಿದವರಿಗೆ ಏಷ್ಯಾಖಂಡದ ಚಲನೆ ಒಂದು ರೀತಿಯಾಗಿಯೂ, ಇನ್ನೊಂದನ್ನು ಹಿಡಿದವರಿಗೆ ಬೇರೊಂದು ರೀತಿಯಾಗಿಯೂ ಕಂಡಿತು. ಆ ವಾದದ ಸಾಧಕಬಾಧಕಗಳನ್ನು ಪ್ರಮಾಣವಿಚಾರದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ಹೇಳಬೇಕು. ಭೂಮಿಯ ಹೊರಚಿಪ್ಪು ಸೀಳಿ, ಸೀಳಿನ ಎರಡು ಮಗ್ಗುಲುಗಳು ಮೇಲೆ ಕೆಳಗೆ ಹೋಗದೆ ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರೆ ಅದನ್ನು ಪಾರ್ಶ್ವಪಲ್ಲಟದ ಸ್ತರಭಂಗವೆಂದು ಕರೆಯಬಹುದು. ಈ ಸರಿಯುವಿಕೆಯು ಬಹುಮಟ್ಟಿಗೆ ದಿನದಿನವೂ ನಡೆಯತಕ್ಕುದಲ್ಲ. ನೂರಾರು ವರ್ಷ ಮಗ್ಗುಲುಗಳೆರಡೂ ಕಚ್ಚಿಕೊಂಡು ನಿಂತಿದ್ದು, ಒಂದು ದಿನ ಕೆಲವು ಕ್ಷಣಗಳಲ್ಲಿಯೇ ಹಲವು ಮೀಟರುಗಳಷ್ಟು ಜಗ್ಗನೆ ಜರುಗುತ್ತವೆ. ಆ ಜಗ್ಗುವಿಕೆಯೇ ಭೂಕಂಪ. ಅಂತಹ ಅನೇಕ ಭೂಕಂಪಗಳಿಂದ ಕೂಡಿಬಂದ ಪಲ್ಲಟವನ್ನು, ಅದು ಕೂಡಿಬರಲು ಹಿಡಿದ ವರ್ಷಗಳಿಂದ ಭಾಗಿಸಿದರೆ ಬರುವ ಲಬ್ಧವೇ ಪಲ್ಲಟದ ವೇಗ. ಇದನ್ನು ವರ್ಷಕ್ಕೆ ಇಷ್ಟು ಮಿಲಿಮೀಟರು ಎಂದು ಹೇಳುವುದು ವಾಡಿಕೆ. ಲೆಕ್ಕವು ಮೂರನೆಯ ತರಗತಿಯ ಹುಡುಗನಿಗೂ ಬರುವಂತಹುದು. ಕಷ್ಟವೆಲ್ಲವೂ ಆ ಎರಡು ಸಂಖ್ಯೆಗಳು ಎಲ್ಲಿಂದ ಬಂದುವೆಂಬುದರಲ್ಲಿದೆ.

ಟಿಬೆಟ್ಟಿನ ಪ್ರಸ್ಥಭೂಮಿಯ ಉತ್ತರದ ಅಂಚಿನಲ್ಲಿ, ತಾರಿಮ್ ಮರುಭೂಮಿಯ ತಗ್ಗಿಗೂ ಎತ್ತರದ ಬೆಟ್ಟಗಳಿಗೂ ನಡುವೆ, ಸಾವಿರದೈನೂರು ಕಿಲೋಮೀಟರಿಗೂ ಮಿಗಿಲಾದ ಉದ್ದಕ್ಕೆ ಅಲ್ತಿನ್ ತಾಗ್ ಎಂಬ ಸ್ತರಭಂಗವು ಹಾಯ್ದಿದೆ. ಇದರ ಒಂದು ಮಗ್ಗುಲಲ್ಲಿ ನಿಂತು ನೋಡುವವನಿಗೆ ಆಚೆಯ ಮಗ್ಗುಲು ಎಡಕ್ಕೆ ಸರಿದಂತೆ ಕಾಣುವುದರಿಂದ ಇದು ಎಡಪಲ್ಲಟದ್ದು. ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟುವ ಚೆರ್ಚೆನ್ ನದಿಯು ಈ ಸೀಳನ್ನು ದಾಟಿ ಮರುಭೂಮಿಗೆ ಇಳಿಯುತ್ತದೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಹ್ಯುಯೆನ್ ತ್ಸಾಂಗನು ಸ್ವದೇಶಕ್ಕೆ ಹಿಂದಿರುಗುತ್ತ, 645ರಲ್ಲಿ ಚಾಂಗ್‌ಆನ್ ನಗರವನ್ನು ಸೇರುವ ಮುಂಚೆ, ಈ ನದಿಯ ಕೆಳಗಣ ಪ್ರದೇಶವನ್ನು ಹಾದುಹೋದನು. ಅಲ್ಲಿಯ ಊರಿನ ಕೋಟೆ ನಿಂತಿದ್ದರೂ ಜನರಿರಲಿಲ್ಲವೆಂದು ಅವನು ತಿಳಿಸುತ್ತಾನೆ. ನಮ್ಮ ಚರಿತ್ರೆಗೆ ಬೇಕಾದ ಸಾಕ್ಷಿಯೊಬ್ಬನು ನಡೆದ ದಾರಿಯ ಮೇಲುಗಡೆಯಲ್ಲಿಯೇ ಈ ವಿವಾದದ ಮುಖ್ಯಸ್ಥಳವೂ ಇರುವುದು ಆಕಸ್ಮಿಕವೇ ಸರಿ, ಆದರೂ ನೆನೆಯತಕ್ಕುದಾಗಿದೆ.

ಈ ಒಂದು ಸೀಳಿನ ವೇಗಕ್ಕೆ ಅಷ್ಟೊಂದು ಮಹತ್ತ್ವವೇಕೆಂದು ಕೇಳಬಹುದು. ಭಾರತದ ನೆಲವು ವರ್ಷಕ್ಕೆ ಸುಮಾರು 4 ಸೆಂಟಿಮೀಟರಿನಂತೆ ಉತ್ತರಕ್ಕೆ ನುಗ್ಗಿ ಏಷ್ಯಾವನ್ನು ಒತ್ತುತ್ತಿರುವುದು ಸರ್ವಸಮ್ಮತ. ಹಾಗೆ ಒತ್ತಲ್ಪಟ್ಟ ನೆಲ ಎಲ್ಲಿಗೆ ಹೋಗುತ್ತದೆ? 1975ರಲ್ಲಿ ಮೋಲ್ನಾರ್ ಮತ್ತು ತಪೊನ್ಯೇ ಎಂಬ ವಿದ್ವಾಂಸರು ಉಪಗ್ರಹದಿಂದ ತೆಗೆದ ಚಿತ್ರಗಳನ್ನು ಪರಿಶೀಲಿಸಿ, ಏಷ್ಯಾದ ದೊಡ್ಡ ಸ್ತರಭಂಗಗಳೆಲ್ಲವೂ ಈ ಒತ್ತಡದ ಫಲವೆಂದು ಪ್ರತಿಪಾದಿಸಿದರು. 1982ರಲ್ಲಿ ತಪೊನ್ಯೇ ಮತ್ತು ಅವರ ಸಂಗಡಿಗರು ಮಕ್ಕಳು ಆಡುವ ಮೇಣದಂತಹ ಮಿದುವಸ್ತುವನ್ನು ಪಟ್ಟುಹಾಕಿ ಒತ್ತಿ, ಅದರ ತುಂಡುಗಳು ಸೀಳಿನ ಉದ್ದಕ್ಕೂ ಪಕ್ಕಕ್ಕೆ ಜಾರಿಹೋಗುವುದನ್ನು ತೋರಿಸಿದರು. ಟಿಬೆಟ್ಟೂ ಹಾಗೆಯೇ ಇಡಿಯ ಹಲಗೆಯಂತೆ ಪೂರ್ವಕ್ಕೆ ಜಾರುತ್ತಿದೆಯೆಂದು ಅವರ ಮತ. ಅದೇ ವರ್ಷ ಇಂಗ್ಲೆಂಡ್ ಮತ್ತು ಮೆಕೆಂಜಿ ಎಂಬವರು ಖಂಡದ ಚಿಪ್ಪನ್ನು ಗಟ್ಟಿಯಾದ ಹಲಗೆಯೆಂದಲ್ಲ, ಮಂದವಾದ ಪಾಕದಂತೆ ಎಲ್ಲೆಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಹರಿಯುವ ಹಾಳೆಯೆಂದು ಗಣಿಸಿದರು. ಮೊದಲನೆಯ ಮತ ನಿಜವಾದರೆ ಅಲ್ತಿನ್ ತಾಗ್ ಬಹು ವೇಗವಾಗಿ ಸರಿಯಬೇಕು; ಎರಡನೆಯದು ನಿಜವಾದರೆ ಅಷ್ಟು ವೇಗ ಬೇಕಾಗಿಲ್ಲ. ವರ್ಷಕ್ಕೆ 30 ಮಿಲಿಮೀಟರೋ 10 ಮಿಲಿಮೀಟರೋ ಎಂಬ ಪ್ರಶ್ನೆಯ ಹಿಂದೆ ಈ ಎರಡು ದರ್ಶನಗಳು ನಿಂತಿವೆ. ಅಲ್ಲದೆ ಆ ಸೀಳಿನ ಬಳಿ ವಾಸಿಸುವವರಿಗೂ ಇದು ಅಲ್ಪವಿಷಯವಲ್ಲ. ಒಂದೊಂದು ಭೂಕಂಪದಲ್ಲಿಯೂ 5 ಮೀಟರು ಸರಿಯುವುದೆಂದು ಇಟ್ಟುಕೊಂಡರೆ, ವರ್ಷಕ್ಕೆ 27 ಮಿಲಿಮೀಟರಿನ ವೇಗಕ್ಕೆ ಸುಮಾರು 185 ವರ್ಷಕ್ಕೊಮ್ಮೆ, 10 ಮಿಲಿಮೀಟರಿನ ವೇಗಕ್ಕೆ 500 ವರ್ಷಕ್ಕೊಮ್ಮೆ ಅದು ಬರಬೇಕಾಗುತ್ತದೆ.

1989ರಲ್ಲಿ ಪೆಲ್ಟ್ಸರ್, ತಪೊನ್ಯೇ, ಆರ್ಮಿಹೋ ಎಂಬ ಮೂವರು ಉಪಗ್ರಹಚಿತ್ರಗಳಲ್ಲಿ ಕಾಣುವ ಕೊರಕಲು, ದರೆ, ಮೆಕ್ಕಲು ಬೀಸಣಿಗೆಗಳು ಸೀಳಿನ ಬಳಿ ಎಷ್ಟೆಷ್ಟು ಮುರಿದಿವೆಯೆಂದು ಅಳೆದು, ಈ ನೆಲರೂಪಗಳೆಲ್ಲ ಹಿಮಯುಗ ಕಳೆದ ಮೇಲೆ, ಎಂದರೆ ಸುಮಾರು 10,000 ವರ್ಷಗಳ ಹಿಂದೆ ಆದುವೆಂದು ಊಹಿಸಿ, ವರ್ಷಕ್ಕೆ 20ರಿಂದ 30 ಮಿಲಿಮೀಟರಿನ ವೇಗವನ್ನು ಹೇಳಿದರು. ಇಲ್ಲಿ ಅಂಶವನ್ನು ಅಳೆದುದು ದಿಟ. ಛೇದವನ್ನು ಮಾತ್ರ ಅಳೆದಿರಲಿಲ್ಲ. ಆ ಕಾಲದಲ್ಲಿ ಆ ಸ್ಥಳಗಳಿಗೆ ಹೋಗಿ ಕಲ್ಲುಗಳ ವಯಸ್ಸನ್ನು ನಿರ್ಣಯಿಸುವ ಸೌಕರ್ಯವಿಲ್ಲದಿದ್ದುದರಿಂದ ಇದನ್ನು ದೋಷವೆನ್ನಲಾಗದು. ಲೇಖಕರು ತಮ್ಮ ಊಹೆಯನ್ನು ಊಹೆಯೆಂದೇ ಹೇಳಿದ್ದಾರೆ. ಆದರೆ ಊಹೆಯಿಂದ ಬಂದ ಸಂಖ್ಯೆಯು ಒಮ್ಮೆ ಅಚ್ಚಾದ ಮೇಲೆ ಅದರ ಹಣೆಯ ಮೇಲಿದ್ದ ಊಹೆಯೆಂಬ ಗುರುತು ಬೇಗ ಮಾಸಿಹೋಗುತ್ತದೆ. ಮುಂದಿನ ಬರಹಗಾರರು ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಸಾಹಿತ್ಯಚರಿತ್ರೆಯಲ್ಲಿಯೂ ಇಂತಹ ಅವಸ್ಥೆಯನ್ನು ನಾವು ಕಂಡಿದ್ದೇವೆ.

ಒಳ್ಳೆಯ ನಿರ್ಣಯ ಹೇಗಿರಬೇಕೆಂಬುದಕ್ಕೆ ಒಂದು ನಿದರ್ಶನವನ್ನು ಬೇರೊಂದು ಖಂಡದಿಂದ ತರುವುದು ಯುಕ್ತ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕರಿಜೊ ಎಂಬ ಒಣಬಯಲಿದೆ. ಅಲ್ಲಿ ಸಾನ್ ಆಂದ್ರೆಯಾಸ್ ಸ್ತರಭಂಗವನ್ನು ವಾಲೆಸ್ ಎಂಬ ಹಳ್ಳವು ಅಡ್ಡಹಾಯುತ್ತದೆ. ಬೆಟ್ಟದಿಂದ ಇಳಿದುಬಂದ ಹಳ್ಳವು ಸೀಳನ್ನು ಮುಟ್ಟಿದೊಡನೆಯೇ ಬಲಕ್ಕೆ ಹೊರಳಿ, ಸುಮಾರು 128 ಮೀಟರು ಸೀಳಿನ ಉದ್ದಕ್ಕೇ ಹರಿದು, ಆಮೇಲೆ ಮತ್ತೆ ಬಯಲಿಗೆ ತಿರುಗುತ್ತದೆ. ಇನ್ನೂ ಆಚೆಗೆ ಆ ಹಳ್ಳವೇ ಹಿಂದೆ ಬಿಟ್ಟುಹೋದ ಹಳೆಯ ಪಾತ್ರವೂ ಕಾಣುತ್ತದೆ. ಸೀ ಮತ್ತು ಜಾನ್ಸ್ ಎಂಬವರು ಇಲ್ಲಿ ಕಂದಕಗಳನ್ನು ತೋಡಿ, ಮೆಕ್ಕಲಿನ ಪದರಗಳಲ್ಲಿ ಸಿಕ್ಕಿದ ಇದ್ದಿಲಿನ ವಯಸ್ಸನ್ನು ವಿಕಿರಣಶೀಲ ಇಂಗಾಲದಿಂದ ನಿರ್ಣಯಿಸಿ, ಈಗಿನ ಪಾತ್ರವನ್ನು ಹಳ್ಳವು ಕೊರೆಯಲು ತೊಡಗಿದುದು ಸುಮಾರು 3,700 ವರ್ಷಗಳ ಹಿಂದೆ ಎಂದು 1984ರಲ್ಲಿ ಪ್ರಕಟಿಸಿದರು. ಅವರು ಕೊಟ್ಟ ವೇಗ ವರ್ಷಕ್ಕೆ 33.9 ಮಿಲಿಮೀಟರು, ಹೆಚ್ಚುಕಡಮೆ 2.9. ಮತ್ತೂ ಹಳೆಯದಾದ, ಸುಮಾರು 13,250 ವರ್ಷಗಳ ಮೆಕ್ಕಲು ಬೀಸಣಿಗೆಯೊಂದು 475 ಮೀಟರು ಸರಿದಿರುವುದರಿಂದಲೂ ಹತ್ತಿರ ಹತ್ತಿರ ಅದೇ ವೇಗ ಬಂದಿತು.

ಈ ನಿರ್ಣಯ ಗಟ್ಟಿಯಾದುದು ಹೇಗೆ? ಹಳ್ಳವು ಹಳೆಯ ದಾರಿಯನ್ನು ಬಿಟ್ಟು ಸೀಳಿಗೆ ಅಡ್ಡವಾಗಿ ಹೊಸ ದಾರಿಯನ್ನು ಕೊರೆದ ದಿನ ಪಲ್ಲಟವು ಸೊನ್ನೆ. ಇದ್ದಿಲು ಹೇಳುವ ಕಾಲವೂ ಅದೇ ಕೊರೆತದ ಕಾಲ. ಅಂಶವೂ ಛೇದವೂ ಒಂದೇ ಘಟನೆಯಿಂದ ಎಣಿಕೆಗೆ ತೊಡಗುತ್ತವೆ. ಈ ಐಕ್ಯವನ್ನೇ ಪಲ್ಲಟವೇಗದ ಎಲ್ಲ ನಿರ್ಣಯಗಳಿಗೂ ಒರೆಗಲ್ಲಾಗಿ ಇಟ್ಟುಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಅಳೆದ ದೂರವು ಒಂದು ಘಟನೆಯಿಂದಲೂ, ಅಳೆದ ಕಾಲವು ಮತ್ತೊಂದರಿಂದಲೂ ತೊಡಗಿದಲ್ಲಿ ಭಾಗಾಕಾರ ಎಷ್ಟೇ ಸೂಕ್ಷ್ಮವಾಗಿರಲಿ, ಬಂದ ಲಬ್ಧವು ಯಾವ ವಸ್ತುವಿನ ವೇಗವೂ ಆಗುವುದಿಲ್ಲ.

ಚೆರ್ಚೆನ್ ನದಿಯ ಬಳಿ ಇಂತಹ ಸ್ವಚ್ಛವಾದ ಸಾಕ್ಷಿ ದೊರೆಯುವುದಿಲ್ಲ. ಅಲ್ಲಿರುವುದು ಜಗಲಿಗಳು ಮತ್ತು ದರೆಗಳು. ನದಿಯು ಒಂದು ಮಟ್ಟದಲ್ಲಿ ಹರಿಯುತ್ತ ಗರಸನ್ನು ಹಾಸುತ್ತದೆ. ಆಮೇಲೆ ನೆಲವನ್ನು ಕೊರೆದು ಕೆಳಗಿಳಿದರೆ ಹಳೆಯ ಹಾಸು ಜಗಲಿಯಂತೆ ಮೇಲೆ ಉಳಿಯುತ್ತದೆ. ಮತ್ತೊಮ್ಮೆ ಇಳಿದರೆ ಇನ್ನೊಂದು ಜಗಲಿ. ಮೇಲಣ ಜಗಲಿಗೂ ಕೆಳಗಣ ಜಗಲಿಗೂ ನಡುವಣ ಕಡಿದಾದ ಮುಖವೇ ದರೆ. ದರೆಯು ಉದ್ದವಾಗಿ ಗೆರೆಯೆಳೆದಂತಿರುವುದರಿಂದ ಸೀಳಿನ ಎರಡು ಕಡೆಗಳಲ್ಲಿ ಅದು ಎಷ್ಟು ಮುರಿದು ಸರಿದಿದೆಯೆಂದು ಅಳೆಯುವುದು ಸುಲಭ. ಆದರೆ ದರೆಯು ಬರಿಯ ಮುಖ. ವಯಸ್ಸನ್ನು ಹೇಳುವ ಕಲ್ಲುಗಳು ಅದರ ಮೇಲೆ ಇರುವುದಿಲ್ಲ. ಅವು ಇರುವುದು ಜಗಲಿಗಳ ಮೇಲೆ. ಎಂದಮೇಲೆ ದೂರವನ್ನು ದರೆಯಿಂದಲೂ ಕಾಲವನ್ನು ಜಗಲಿಯಿಂದಲೂ ಎರವು ತರಬೇಕಾಯಿತು. ಯಾವ ಜಗಲಿಯಿಂದ?

ನದಿಯು ಮೇಲಣ ಜಗಲಿಯನ್ನು ತೊರೆದು ಕೊರೆಯಲು ತೊಡಗಿದಾಗ ದರೆ ಹುಟ್ಟುತ್ತದೆ. ಅದಕ್ಕೆ ಮುಂಚೆ ದರೆಯೇ ಇಲ್ಲ. ಆದುದರಿಂದ ಮೇಲಣ ಜಗಲಿಯ ವಯಸ್ಸು ದರೆಗೆ ಪೂರ್ವಾವಧಿ. ಅಲ್ಲಿಂದ ಮುಂದೆ ನದಿಯು ಕೆಳಗಣ ಜಗಲಿಯ ಮಟ್ಟದಲ್ಲಿ ಹರಿಯುವಷ್ಟು ಕಾಲವೂ ದರೆಯ ಬುಡವನ್ನು ನೀರು ತಿನ್ನುತ್ತಿರಬಹುದು. ಸೀಳು ಸರಿದು ಮುರಿದ ದರೆಯನ್ನು ನೀರು ಮತ್ತೆ ಸವರಿ ನೇರಮಾಡಬಹುದು. ಹಾಗಾದಲ್ಲಿ ಅಷ್ಟರವರೆಗಿನ ಪಲ್ಲಟವೆಲ್ಲ ಅಳಿಸಿಹೋಗುತ್ತದೆ. ನದಿಯು ಕೆಳಗಣ ಜಗಲಿಯನ್ನೂ ತೊರೆದ ಮೇಲೆ ದರೆಯನ್ನು ಮುಟ್ಟುವವರಿಲ್ಲ. ಆದುದರಿಂದ ಕೆಳಗಣ ಜಗಲಿಯ ವಯಸ್ಸು ಉತ್ತರಾವಧಿ. ಉದಾಹರಣೆಗೆ ಮೇಲಣ ಜಗಲಿಯನ್ನು ನದಿಯು ತೊರೆದು 12,000 ವರ್ಷ, ಕೆಳಗಣದನ್ನು ತೊರೆದು 6,000 ವರ್ಷ, ದರೆಯ ಪಲ್ಲಟ 120 ಮೀಟರು ಎಂದು ಕಲ್ಪಿಸೋಣ. ಮೇಲಣದರಿಂದ ಭಾಗಿಸಿದರೆ ವೇಗ 10 ಮಿಲಿಮೀಟರು. ಕೆಳಗಣದರಿಂದ ಭಾಗಿಸಿದರೆ 20. ಅಳತೆಯಲ್ಲಿ ಒಂದು ಗೇಣೂ ತಪ್ಪಿಲ್ಲ; ಆದರೂ ಉತ್ತರ ಇಮ್ಮಡಿಯಾಯಿತು. ಹಲಗೆಯ ಮತಕ್ಕೂ ಪಾಕದ ಮತಕ್ಕೂ ಇರುವ ಅಂತರವೂ ಹೆಚ್ಚುಕಡಮೆ ಇಷ್ಟೇ ಎಂಬುದನ್ನು ವಾಚಕರು ಗಮನಿಸಬೇಕು.

2004ರಲ್ಲಿ ಮೆರಿಯೋ ಮತ್ತು ಅವರ ಸಹಕಾರಿಗಳು, ಇವರಲ್ಲಿ ತಪೊನ್ಯೇ ಕೂಡ ಒಬ್ಬರು, ಚೆರ್ಚೆನ್ ನದಿ ಮತ್ತು ಸುಲಾಮು ತಾಗ್ ಎಂಬ ಎರಡು ಸ್ಥಳಗಳ ಪರಿಶೋಧನೆಯನ್ನು ಪ್ರಕಟಿಸಿದರು. ಇದು ಬಹು ಪರಿಶ್ರಮದ ಕೆಲಸ. 1989ರಲ್ಲಿ ಊಹೆಯಾಗಿದ್ದ ಛೇದವನ್ನು ಇಲ್ಲಿ ಕಲ್ಲುಗಳಿಂದಲೇ ಹೇಳಿಸಿದ್ದಾರೆ. ಜಗಲಿಗಳು ಹಲವು, ಪಲ್ಲಟಗಳು ಹಲವು, ನದಿಯ ಸ್ಥಳವಲ್ಲದೆ ಹಿಮನದಿಯು ಮಾಡಿದ ನೆಲರೂಪಗಳನ್ನೂ ಸಾಕ್ಷಿಗೆ ಕರೆದಿದ್ದಾರೆ. ಬಂದ ವೇಗ ವರ್ಷಕ್ಕೆ 26.9 ಮಿಲಿಮೀಟರು; ಹೆಚ್ಚುಕಡಮೆ 6.9. ದರೆಗಳ ವಿಷಯದಲ್ಲಿ ಅವರು ಕೆಳಗಣ ಜಗಲಿಯ ವಯಸ್ಸನ್ನು ಹಿಡಿದರು. ಹಿಮ ಕರಗಿ ಬರುವ ದೊಡ್ಡ ನೀರು ದರೆಯ ಬುಡವನ್ನು ಸುಮ್ಮನೆ ಬಿಡುವುದಿಲ್ಲವಾದುದರಿಂದ ಅದು ಕೆಳಗಣ ಜಗಲಿಯನ್ನು ತೊರೆಯುವವರೆಗೂ ದರೆಯನ್ನು ಸವರುತ್ತಲೇ ಇದ್ದಿತೆಂಬುದು ಅವರ ಯುಕ್ತಿ.

ಈ ಯುಕ್ತಿಯು ಅಸಂಭವವೇನೂ ಅಲ್ಲ. ದೊಡ್ಡ ನದಿಯನ್ನು ಮಳೆಗಾಲದಲ್ಲಿ ಕಂಡವರಾರೂ ಅದನ್ನು ತಳ್ಳಿಹಾಕಲಾರರು. ನಮ್ಮ ಆಕ್ಷೇಪವಿರುವುದು ಬೇರೆ ಕಡೆಯಲ್ಲಿ. ಸವರಿರಬಹುದು ಎಂಬುದು ಸವರಿತು ಎಂದಾದುದು ಯಾವ ಪ್ರಮಾಣದಿಂದ? ಇದು ಒಂದೊಂದು ದರೆಯಲ್ಲಿಯೂ ಬೇರೆಬೇರೆಯಾಗಿ ಸಾಧಿಸಬೇಕಾದ ವಿಷಯ. ನದಿಯ ಸಾಮಾನ್ಯಸ್ವಭಾವದಿಂದ ಒಂದೇ ಸಲಕ್ಕೆ ಸಾಧಿಸತಕ್ಕುದಲ್ಲ. ಇದಕ್ಕಿಂತಲೂ ಮುಖ್ಯವಾದ ಮಾತು ಆ 6.9ರದು. ಹೆಚ್ಚುಕಡಮೆ ಎಂದು ಕೊಟ್ಟಿರುವ ಈ ಅಂಕಿಯಲ್ಲಿ ದೂರದ ಅಳತೆಯ ಅನಿಶ್ಚಯವೂ ಕಲ್ಲುಗಳ ವಯಸ್ಸಿನ ಅನಿಶ್ಚಯವೂ ಸೇರಿವೆ. ಮೇಲಣ ಜಗಲಿಯೋ ಕೆಳಗಣ ಜಗಲಿಯೋ ಎಂಬ ಅನಿಶ್ಚಯ ಮಾತ್ರ ಸೇರಿಲ್ಲ. ಎಲ್ಲಕ್ಕಿಂತಲೂ ದೊಡ್ಡದು ಅದೇ. ಹೊರಗಿನಿಂದ ಓದುವವನು 26.9ರಿಂದ 6.9ನ್ನು ಕಳೆದು, ವೇಗವು 20ಕ್ಕೆ ಕೆಳಗೆ ಇರಲಾರದೆಂದು ನಂಬುತ್ತಾನೆ. ಪಾಠದ ಆಯ್ಕೆಯಲ್ಲಿ ಅಡಗಿದ ಸಂದೇಹವನ್ನು ಅಕ್ಷರ ಎಣಿಸುವ ಸಂದೇಹದೊಳಗೆ ಮುಚ್ಚಿಟ್ಟಂತೆ ಇದಾಯಿತು. ಲೇಖಕರಿಗೆ ಮರೆಮಾಡುವ ಉದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ತಮ್ಮ ಯುಕ್ತಿಯನ್ನು ಅವರು ಬಿಚ್ಚಿಯೇ ಹೇಳಿದ್ದಾರೆ. ದೋಷವು ಸಂಖ್ಯೆಯನ್ನು ಬರೆದ ರೀತಿಯಲ್ಲಿದೆ.

2007ರಲ್ಲಿ ಎರಡು ಕಡೆಗಳಿಂದ ಉತ್ತರ ಬಂದಿತು. ಕೌಗಿಲ್ ಎಂಬವರು ಚೆರ್ಚೆನ್ ಸ್ಥಳವನ್ನೇ ಮರಳಿ ಪರಿಶೀಲಿಸಿ, ದರೆಗಳನ್ನು ಮೇಲಣ ಜಗಲಿಯ ವಯಸ್ಸಿಗೆ ಹೊಂದಿಸಿದರೆ ವೇಗವು ಬಹಳ ಇಳಿದು, ಉಪಗ್ರಹಗಳ ನೆರವಿನ ಭೂಮಾಪನದಿಂದ ಬಂದ ಅಂಕಿಯ ಬಳಿಗೆ ಬರುತ್ತದೆಂದು ತೋರಿಸಿದರು. ಜಾಂಗ್ ಪೆಯ್‌ಝೆನ್, ಮೋಲ್ನಾರ್, ಷು ಎಂಬ ಮೂವರೂ ಅಲ್ತಿನ್ ತಾಗಿನ ಹಲವು ಸ್ಥಳಗಳ ವಿಷಯದಲ್ಲಿ ಇದೇ ಮಾತನ್ನು ಹೇಳಿ, ವರ್ಷಕ್ಕೆ ಸುಮಾರು 10 ಮಿಲಿಮೀಟರೆಂಬ ಅಭಿಪ್ರಾಯಕ್ಕೆ ಬಂದರು. 1975ರಲ್ಲಿ ತಪೊನ್ಯೇ ಅವರೊಡನೆ ಹೆಸರು ಸೇರಿಸಿದ ಮೋಲ್ನಾರ್ ಅವರೇ ಮೂವತ್ತೆರಡು ವರ್ಷಗಳ ಮೇಲೆ ಎದುರುಪಕ್ಷದಲ್ಲಿ ನಿಂತಿರುವುದು ಈ ಶಾಸ್ತ್ರಕ್ಕೆ ಭೂಷಣವೆಂದೇ ಎಣಿಸಬೇಕು.

ಇವರ ವಾದದಲ್ಲಿ ನಮಗೆ ಬಹಳ ಬೆಲೆಯುಳ್ಳದ್ದಾಗಿ ತೋರುವುದು ಅಂಕಿಯಲ್ಲ. ದರೆ ಸವರಲ್ಪಟ್ಟಿತೋ ಇಲ್ಲವೋ ಎಂಬುದನ್ನು ದರೆಯನ್ನೇ ಕೇಳುವ ಉಪಾಯವೊಂದನ್ನು ಹುಡುಕಿದುದು. ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ. ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಸೀಳು ಪೂರ್ವಪಶ್ಚಿಮವಾಗಿದೆ, ಎಡಪಲ್ಲಟವಾದುದರಿಂದ ಸೀಳಿನ ಆಚೆಯ, ಎಂದರೆ ನದಿಯ ಕೆಳಗಣ ಪಾಲು ಪಶ್ಚಿಮಕ್ಕೆ ಸರಿಯುತ್ತದೆ ಎಂದು ಇಟ್ಟುಕೊಳ್ಳೋಣ. ಪೂರ್ವದ ದಡದಲ್ಲಿ ಕೆಳಪಾಲಿನ ದರೆಯು ನದಿಯ ಕಡೆಗೆ ಜರುಗಿ ನೀರಿಗೆ ಅಡ್ಡವಾಗಿ ಚಾಚಿಕೊಳ್ಳುತ್ತದೆ. ಮೇಲಿನಿಂದ ಬರುವ ಪ್ರವಾಹವು ನೇರವಾಗಿ ಅದನ್ನು ಬಡಿಯುತ್ತದೆ. ಚಾಚಿದ ಮೂಲೆ ಬೇಗ ಸವೆದುಹೋಗುತ್ತದೆ. ಪಶ್ಚಿಮದ ದಡದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಕೆಳಪಾಲಿನ ದರೆಯು ನದಿಯಿಂದ ದೂರಕ್ಕೆ ಸರಿದು, ಮೇಲುಪಾಲಿನ ದರೆಯ ಮರೆಯಲ್ಲಿ ನಿಲ್ಲುತ್ತದೆ. ಅದು ಸವೆಯದೆ ಉಳಿಯುವ ಸಂಭವವೇ ಹೆಚ್ಚು. ನೀರು ಬಡಿಯುವ ದಡದ ದರೆಗೆ ಕೆಳಗಣ ಜಗಲಿಯ ವಯಸ್ಸು ಹೆಚ್ಚು ಒಪ್ಪುತ್ತದೆ. ಮರೆಯ ದಡದ ದರೆಗೆ ಮೇಲಣ ಜಗಲಿಯ ವಯಸ್ಸು. ಎರಡು ದಡಗಳಲ್ಲಿಯೂ ಅದೇ ದರೆಯ ಜೋಡಿ ಸಿಕ್ಕಿ, ಮರೆಯ ದಡದ ಪಲ್ಲಟವು ಬಡಿಯುವ ದಡದ ಪಲ್ಲಟಕ್ಕಿಂತ ದೊಡ್ಡದಾಗಿದ್ದರೆ ಸವರಿಕೆ ನಡೆದುದು ಸಿದ್ಧಪಟ್ಟಿತು. ಇದಲ್ಲದೆ ಮೇಲಣ ಜಗಲಿಯ ಮೈಮೇಲೆಯೇ ಇರುವ ಹಳೆಯ ಕೊರಕಲೊಂದರ ಪಲ್ಲಟವು ದರೆಯ ಪಲ್ಲಟಕ್ಕೆ ಸಮವಾಗಿದೆಯೋ, ಮಿಗಿಲಾಗಿದೆಯೋ ನೋಡಬಹುದು. ಸಮವಾಗಿದ್ದರೆ ದರೆಯು ಹುಟ್ಟಿದಂದಿನಿಂದ ಏನನ್ನೂ ಕಳೆದುಕೊಂಡಿಲ್ಲ. ಇವೆಲ್ಲವೂ ದರೆಯ ಒಳಸಾಕ್ಷಿಗಳು. ಹೊರಗಿನ ಯಾವ ಸಿದ್ಧಾಂತದ ಹಂಗೂ ಇವಕ್ಕಿಲ್ಲ.

ಕಲ್ಲುಗಳ ಸಾಕ್ಷಿಯೂ ನಿರ್ದೋಷವಾದುದಲ್ಲವೆಂದು ಇಲ್ಲಿ ಹೇಳಿಬಿಡಬೇಕು. ಆಕಾಶದಿಂದ ಬೀಳುವ ವಿಶ್ವಕಿರಣಗಳು ಬೆಣಚುಕಲ್ಲನ್ನು ತಾಕಿ ಅದರಲ್ಲಿ ಬೆರಿಲಿಯಂ 10 ಎಂಬ ಅಪರೂಪದ ಪರಮಾಣುಗಳನ್ನು ಹುಟ್ಟಿಸುತ್ತವೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಕಲ್ಲಿನಲ್ಲಿ ವರ್ಷಕ್ಕೆ ನಾಲ್ಕೈದು ಮಾತ್ರ, ಎತ್ತರದಲ್ಲಿ ಅದಕ್ಕಿಂತ ಹೆಚ್ಚು. ಅವನ್ನು ಎಣಿಸಿದರೆ ಕಲ್ಲು ಎಷ್ಟು ವರ್ಷ ಬಿಸಿಲಿಗೆ ಮೈಯೊಡ್ಡಿ ಬಿದ್ದಿದೆಯೆಂದು ತಿಳಿಯುತ್ತದೆ. ಆದರೆ ನದಿಯು ಹೊತ್ತು ತಂದ ಕಲ್ಲು ಜಗಲಿಗೆ ಬರುವ ಮುಂಚೆಯೇ ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ವರ್ಷ ಬಿದ್ದಿದ್ದಿರಬಹುದು. ಆಗ ಜಗಲಿಯು ನಿಜಕ್ಕಿಂತ ಹಳೆಯದೆಂದು ತೋರಿ ವೇಗವು ಕಡಮೆಯಾಗುತ್ತದೆ. ಹಳೆಯ ಗುಡಿಯ ಶಾಸನಸ್ತಂಭವನ್ನು ತಂದು ಹೊಸ ಗುಡಿಗೆ ನಿಲ್ಲಿಸಿದಲ್ಲಿ ಸ್ತಂಭದ ತೇದಿಯಿಂದ ಗುಡಿಯ ಕಾಲವನ್ನು ಹೇಳಹೋದವನ ಪಾಡು ಇದು. ಗಾಳಿ ತಂದ ಧೂಳುಮಣ್ಣಿನಲ್ಲಿ ಬಹುಕಾಲ ಹೂತಿದ್ದು ಈಚೆಗೆ ಹೊರಬಿದ್ದ ಕಲ್ಲಿನಲ್ಲಿ ಇದಕ್ಕೆ ತಿರುಗುಮುರುಗಾದ ತಪ್ಪು ಬರುತ್ತದೆ. ಈ ಸಂದೇಹಗಳಿಗೆ ಒಂದು ಗುಣವಿದೆ: ಹಲವು ಕಲ್ಲುಗಳನ್ನು ಪರೀಕ್ಷಿಸಿದಷ್ಟೂ, ಜಗಲಿಯನ್ನು ಆಳಕ್ಕೆ ತೋಡಿ ನೋಡಿದಷ್ಟೂ ಅವು ಕಡಮೆಯಾಗುತ್ತವೆ. ಮೇಲೋ ಕೆಳಗೋ ಎಂಬ ಸಂದೇಹವು ಸಾವಿರ ಕಲ್ಲುಗಳನ್ನು ಎಣಿಸಿದರೂ ಕಡಮೆಯಾಗದು.

ಇನ್ನು ಭೂಮಾಪನದ ವಿಷಯ. 2000ದಲ್ಲಿ ಬೆಂಡಿಕ್ ಮೊದಲಾದವರು ಸೀಳಿನ ಎರಡು ಮಗ್ಗುಲುಗಳಲ್ಲಿ ನೆಟ್ಟ ಗುರುತುಗಳನ್ನು ಜಿ.ಪಿ.ಎಸ್. ಎಂಬ ಉಪಗ್ರಹಪದ್ಧತಿಯಿಂದ ಮರಳಿ ಮರಳಿ ಅಳೆದು, ವರ್ಷಕ್ಕೆ 9 ಮಿಲಿಮೀಟರು, ಹೆಚ್ಚುಕಡಮೆ 5 ಎಂದು ಪ್ರಕಟಿಸಿದರು. ನೆಲರೂಪಗಳಿಂದ ಬಂದ ಅಂಕಿಯ ಮೂರರಲ್ಲೊಂದು ಪಾಲು. ಇದನ್ನು ಕಂಡು ಕೆಲವರು ಎರಡೂ ಸರಿಯೆಂದು ಒಪ್ಪಿ, ಸೀಳಿನ ವೇಗವೇ ಕಾಲದಿಂದ ಕಾಲಕ್ಕೆ ಬದಲಾಗುತ್ತದೆಂದು ಸಮಾಧಾನ ಹೇಳಿದರು. ಎರಡು ಓಲೆಪ್ರತಿಗಳ ಪಾಠ ಬೇರೆಯಾದರೆ ಕವಿಯೇ ಎರಡು ಸಲ ಬರೆದನೆನ್ನುವುದು ಒಮ್ಮೊಮ್ಮೆ ನಿಜವಿರಬಹುದು. ಲಿಪಿಕಾರನ ತಪ್ಪನ್ನು ವಿಚಾರಿಸುವುದಕ್ಕೆ ಮುಂಚೆ ಹಾಗೆನ್ನುವುದು ಮಾತ್ರ ಅವಸರ.

ಹೀಗೆಂದು ಕಡಮೆ ವೇಗದ ಪಕ್ಷದವರು ನಿರಾತಂಕರಾಗಿ ಇರುವಂತಿಲ್ಲ. ಮೇಲಣ ಜಗಲಿಯ ಅಂಕಿ ಜಿ.ಪಿ.ಎಸ್.ನ ಅಂಕಿಗೆ ಹೊಂದುತ್ತದೆ, ಆದುದರಿಂದ ಮೇಲಣ ಜಗಲಿಯೇ ಸರಿಯೆಂಬ ಧ್ವನಿ ಈ ಬರಹಗಳನ್ನು ಕುರಿತ ಮಾತುಕತೆಯಲ್ಲಿ ಅನೇಕ ವೇಳೆ ಕೇಳಿಬರುತ್ತದೆ. ಇದನ್ನು ನಾವು ಒಪ್ಪಲಾರೆವು. ಭೂಮಾಪನವು ಹತ್ತು ಹದಿನೈದು ವರ್ಷಗಳ ಚಲನೆಯನ್ನು ಹೇಳುತ್ತದೆ. ಸೀಳು ಕಚ್ಚಿಕೊಂಡಿರುವಾಗ ಸುತ್ತಲ ನೆಲವು ಬಾಗುವುದನ್ನು ಅಳೆದು, ಎಷ್ಟು ಆಳದವರೆಗೆ ಕಚ್ಚಿಕೊಂಡಿದೆಯೆಂಬ ಕಲ್ಪನೆಯ ಮೇಲೆ ಅದರಿಂದ ವೇಗವನ್ನು ಎಣಿಸುತ್ತಾರೆ. ಭೂಕಂಪವಾಗಿ ಎಷ್ಟು ಕಾಲ ಕಳೆದಿದೆಯೆಂಬುದಕ್ಕೆ ತಕ್ಕಂತೆ ಆ ಬಾಗುವಿಕೆ ಮಾರ್ಪಡಬಹುದು. ನೆಲರೂಪಗಳ ಸಾಕ್ಷಿಯನ್ನು ನಾವು ಬೇಡುವುದೇ ಹತ್ತು ವರ್ಷದ ಅಳತೆಯು ಹತ್ತು ಸಾವಿರ ವರ್ಷಕ್ಕೂ ಸಲ್ಲುತ್ತದೆಯೇ ಎಂದು ತಿಳಿಯುವುದಕ್ಕಾಗಿ. ಹಾಗಿರುವಲ್ಲಿ ಆ ಅಳತೆಯ ಬಲದಿಂದಲೇ ನೆಲರೂಪದ ಪಾಠವನ್ನು ಆರಿಸಿ, ಆಮೇಲೆ ಎರಡೂ ಹೊಂದಿದುವೆಂದು ಸಂತೋಷಪಟ್ಟರೆ ಅನ್ಯೋನ್ಯಾಶ್ರಯದೋಷ ಬರುತ್ತದೆ. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದು ಇಬ್ಬರೆಂದು ಎಣಿಸಿದಂತೆ. ದಡಗಳ ವಿಚಾರವನ್ನು ನಾವು ಮೇಲೆ ಅಷ್ಟು ದೀರ್ಘವಾಗಿ ಹೇಳಿದುದೂ ಇದಕ್ಕಾಗಿಯೇ. ಮೇಲಣ ಜಗಲಿಯ ಪಕ್ಷವು ನಿಲ್ಲಬೇಕಾದರೆ ಅಂತಹ ಒಳಸಾಕ್ಷಿಯ ಮೇಲೆ ನಿಲ್ಲಬೇಕು.

ವೇಗವು ನಿಜವಾಗಿಯೇ ಬದಲಾದ ಸ್ಥಳಗಳೂ ಇಲ್ಲದಿಲ್ಲ. ನ್ಯೂಜಿಲೆಂಡಿನ ದಕ್ಷಿಣದ್ವೀಪದಲ್ಲಿ ಅವಟೇರೆ ಸ್ತರಭಂಗವನ್ನು ದಾಟುವ ಸ್ಯಾಕ್ಸ್‌ಟನ್ ನದಿಯ ಬಳಿ ಜಗಲಿಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. 2017ರಲ್ಲಿ ಝಿಂಕೆ ಮೊದಲಾದವರು ವಿಮಾನದಿಂದ ಲೇಸರ್ ಕಿರಣಗಳನ್ನು ಬಿಟ್ಟು ನೆಲದ ಏರಿಳಿತಗಳ ಪಟವನ್ನು ತೆಗೆದು, ಮಣ್ಣಿನ ಕಣಗಳು ಕಡೆಯ ಸಲ ಬೆಳಕು ಕಂಡ ಕಾಲವನ್ನು ಗೊತ್ತುಮಾಡಿ, ಆ ಸೀಳಿನ ವೇಗವು ಸಾವಿರಾರು ವರ್ಷಗಳ ಅವಧಿಗಳಲ್ಲಿ ಬಹಳವಾಗಿ ಹೆಚ್ಚುಕಡಮೆಯಾಗಿದೆಯೆಂದು ತೋರಿಸಿದ್ದಾರೆ. ಇಲ್ಲಿ ಒಂದೇ ಸ್ಥಳದಲ್ಲಿ ಹಲವು ಮೆಟ್ಟಿಲುಗಳಿದ್ದು ಒಂದರ ಸಾಕ್ಷಿಯನ್ನು ಇನ್ನೊಂದು ತಿದ್ದುತ್ತದೆ. ಆದುದರಿಂದ ವೇಗದ ಬದಲಾವಣೆಯೆಂಬ ಮಾತಿಗೆ ಬಲವಿದೆ.

ಹೊಸ ಉಪಕರಣಗಳು ಬಂದರೆ ಈ ಕಲಹಗಳೆಲ್ಲ ತಾವಾಗಿ ತೀರುವುವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ವಾಲೆಸ್ ಹಳ್ಳದ ಪಕ್ಕದಲ್ಲಿಯೇ ಒಂಬತ್ತೂವರೆ ಮೀಟರು ಮುರಿದ ಸಣ್ಣ ಕೊರಕಲೊಂದಿದೆ. ಅದು 1857ರ ಒಂದೇ ಭೂಕಂಪದಲ್ಲಿ ಮುರಿದುದೆಂದು ಬಹುಕಾಲ ಎಣಿಸಿದ್ದರು. 2010ರಲ್ಲಿ ಝೀಲ್ಕೆ ಮೊದಲಾದವರು ಲೇಸರ್ ಪಟದಲ್ಲಿ ಕರಿಜೊ ಬಯಲಿನ ಅನೇಕ ಸಣ್ಣ ಕೊರಕಲುಗಳನ್ನು ಪರಿಶೀಲಿಸಿ, ಆ ಭೂಕಂಪದ ಪಲ್ಲಟವು ಅಲ್ಲಿ ಸರಾಸರಿ 5.3 ಮೀಟರು ಮಾತ್ರವೆಂದೂ, ಹತ್ತು ಮೀಟರಿನ ಬಳಿಯ ಪಲ್ಲಟಗಳು ಎರಡು ಭೂಕಂಪಗಳಿಂದ ಕೂಡಿಬಂದುವೆಂದೂ ಹೇಳಿದರು. ಮೊದಲಿನವರು ಹಗ್ಗ ಹಿಡಿದು ಅಳೆದುದರಲ್ಲಿ ತಪ್ಪಿರಲಿಲ್ಲ. ಒಂಬತ್ತೂವರೆ ಮೀಟರು ಈಗಲೂ ಒಂಬತ್ತೂವರೆ ಮೀಟರೇ. ಅದು ಎಷ್ಟು ಘಟನೆಗಳ ಮೊತ್ತವೆಂಬ ಓದು ಬದಲಾಯಿತು. ಲೇಸರ್ ಪಟದಿಂದ ಆದ ಉಪಕಾರವೆಂದರೆ ಒಂದೆರಡು ಕೊರಕಲುಗಳ ಬದಲು ನೂರಾರನ್ನು ಒಟ್ಟಿಗೆ ಇಟ್ಟು ಹೋಲಿಸಲು ಸಾಧ್ಯವಾದುದು.

ಅಲ್ತಿನ್ ತಾಗಿಗೆ ಹಿಂದಿರುಗೋಣ. 2009ರಲ್ಲಿ ಕೌಗಿಲ್ ಮತ್ತು ಸಂಗಡಿಗರು ಯುಯೆಮಾಕೆ ಎಂಬ ಸ್ಥಳದ ಪರಿಶೋಧನೆಯನ್ನು ಪ್ರಕಟಿಸಿ, ಕಳೆದ ನಾಲ್ಕರಿಂದ ಆರು ಸಾವಿರ ವರ್ಷಗಳಲ್ಲಿ ವೇಗವು ವರ್ಷಕ್ಕೆ 14ರಿಂದ 9 ಮಿಲಿಮೀಟರಿನೊಳಗೆ ಇದ್ದಿತೆಂದು ಹೇಳಿದರು. ಈ ಬರಹದಲ್ಲಿ ನಾವು ಮೆಚ್ಚತಕ್ಕ ಗುಣವೆಂದರೆ ಉತ್ತರವನ್ನು ಎರಡು ಎಲ್ಲೆಗಳಾಗಿಯೇ ಕೊಟ್ಟಿರುವುದು. ನಡುವೆ ಒಂದು ಸಂಖ್ಯೆಯನ್ನು ನಿಲ್ಲಿಸಿ ಅಕ್ಕಪಕ್ಕದಲ್ಲಿ ಹೆಚ್ಚುಕಡಮೆಯನ್ನು ಅಂಟಿಸಿಲ್ಲ. ಅದೇ ವರ್ಷ ಗೋಲ್ಡ್ ಮೊದಲಾದವರು ತುಝಿದುನ್ ಎಂಬ ಸ್ಥಳದಲ್ಲಿ, ಒಂದೇ ದರೆಯ ಬೇರೆಬೇರೆ ಭಾಗಗಳು ಬೇರೆಬೇರೆ ಕಾಲಗಳಲ್ಲಿ ಆಗಿರಬಹುದೆಂಬ ಮತ್ತೊಂದು ತೊಡಕನ್ನೂ ಎತ್ತಿ ವಿಚಾರಿಸಿದ್ದಾರೆ. ಮೆರಿಯೋ ಅವರ ಗುಂಪೇ 2005ರಲ್ಲಿ, ಇನ್ನೂ ಪೂರ್ವಕ್ಕಿರುವ ಅಕ್ಸಾಯ್ ಎಂಬಲ್ಲಿ ವರ್ಷಕ್ಕೆ 17.8 ಮಿಲಿಮೀಟರು, ಹೆಚ್ಚುಕಡಮೆ 3.6 ಎಂದು ಹೇಳಿದ್ದಿತು. ಸೀಳಿನ ಉದ್ದಕ್ಕೂ ಪೂರ್ವಕ್ಕೆ ಹೋದಂತೆ ವೇಗವು ತಗ್ಗುತ್ತದೆಂಬುದಕ್ಕೆ ಈ ಅಂಕಿಯನ್ನು ಉಪಯೋಗಿಸುವವರು ಅಲ್ಲಿಯ ದರೆಗಳಿಗೂ ಮೇಲೆ ಹೇಳಿದ ಪ್ರಶ್ನೆಯನ್ನು ಮೊದಲು ಹಾಕಬೇಕಾಗುತ್ತದೆ.

ಚೆರ್ಚೆನ್ನಿನ 26.9ನ್ನು ಹಾಗಾದರೆ ಏನು ಮಾಡುವುದು? ಅದನ್ನು ಅಳಿಸಿಹಾಕಬೇಕೆಂದು ನಮ್ಮ ಮತವಲ್ಲ. ಅದರ ಹಿಂದಿರುವ ಪಲ್ಲಟದ ಅಳತೆಗಳೂ ಕಲ್ಲುಗಳ ವಯಸ್ಸುಗಳೂ ಬೆಲೆಯುಳ್ಳವು. ಎದುರುಪಕ್ಷದವರು ತಮ್ಮ ಅಂಕಿಯನ್ನು ಕಟ್ಟಿದುದೂ ಅವುಗಳಿಂದಲೇ. ಕೆಳಗಣ ಜಗಲಿಯನ್ನು ಹಿಡಿದು ಬಂದ ಆ ದರೆಗಳ ಅಂಕಿಯನ್ನು ಅಷ್ಟಕ್ಕಿಂತ ಹೆಚ್ಚಿರಲಾರದೆಂಬ ಮೇಲಿನ ಎಲ್ಲೆಯಾಗಿ ಬರೆದು, ಮೇಲಣ ಜಗಲಿಯಿಂದ ಬರುವುದನ್ನು ಅದರ ಪಕ್ಕದಲ್ಲಿ ಕೆಳಗಿನ ಎಲ್ಲೆಯಾಗಿ ಬರೆಯಬೇಕು; ಯಾವ ದರೆಯು ಬಡಿಯುವ ದಡದ್ದು, ಯಾವುದು ಮರೆಯ ದಡದ್ದು ಎಂಬುದನ್ನು ಪಟ್ಟಿಯಲ್ಲಿ ಒಂದೊಂದಾಗಿ ಕಾಣಿಸಬೇಕು. ಸುಲಾಮು ತಾಗಿನ ಹಿಮನದಿಯ ನೆಲರೂಪಗಳು ದರೆಗಳ ಗುಂಪಿಗೆ ಸೇರಿದುವಲ್ಲವಾದುದರಿಂದ ಅವನ್ನು ಬೇರೆಯಾಗಿ ವಿಚಾರಿಸಬೇಕು. ಅಲ್ಲಿ ಜಗಲಿಯ ಪ್ರಶ್ನೆ ಏಳುವುದಿಲ್ಲ. ಹಿಮನದಿಯು ಆ ಕಲ್ಲೊಡ್ಡನ್ನು ಯಾವಾಗ ಬಿಟ್ಟುಹೋಯಿತು, ಒಡ್ಡಿನ ಅಂಚನ್ನು ಆಮೇಲೆ ನೀರು ತಿಂದಿದೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ವೇಗದ ಪಕ್ಷಕ್ಕೆ ಉಳಿದಿರುವ ಬಲವಾದ ಸಾಕ್ಷಿಯು ಇದ್ದರೆ ಅದು ಅಲ್ಲಿಯೇ ಇದೆ.